ಚಹಾದ ಹೊತ್ತಿನ ಪದ

ಕುರ್ಚಿಗಳನ್ನು ಹಜಾರದಿಂದ ಅಂಗಳಕ್ಕೆ ಸಾಗಿಸುತ್ತಿದ್ದ ಮಗಳು, ಗೇಟಿನ ಮುಂದೆ ಅಪ್ಪನ ಆಫೀಸಿನ ವ್ಯಾನು ನಿಂತದ್ದನ್ನು ನೋಡಿದಳು. ಮ್ಯಾನೇಜರ್ ಸಾಹೇಬರೇ ಇಳಿದು ಬಂದರು. ಹಜಾರದಲ್ಲಿ ಅಪ್ಪನ ಹೆಣದ ತಲೆಯ ಬಳಿ ಕೂತಿದ್ದ ಅಮ್ಮ ಅಳುವುದನ್ನು ಅಲ್ಲಿಗೇ ಬಿಟ್ಟು ನೆಟ್ಟಗೆ ಕೂತಳು. ಗಂಡ ಹೆಸರಿಗೆ ಗುಮಾಸ್ತ, ಇಂಗ್ಲಿಷಿನ ವಿಷಯ ಬಂದರೆ ಸಾಹೇಬರೂ ಅವರನ್ನೇ ಕರೆಸುತ್ತಾರೆ ಎಂದು ಜೀವಮಾನವಿಡೀ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಬಂದವಳು.

ಮಗಳು ಅಂಗಳದಲ್ಲಿ ಚಹಾ ಕೊಡುವಾಗ ಸಾಹೇಬರ ಜೊತೆ ಬಂದಿದ್ದ ಆಫೀಸಿನ ಕ್ಯಾಶಿಯರ್ ಮಾತು ತೆಗೆದ. ಅವನ ದನಿಯಲ್ಲಿ ಕೇಡೇನೂ ಇರಲಿಲ್ಲ, ಅದೇ ಇನ್ನೂ ಕೆಟ್ಟದ್ದು.

"ಡಿಕ್ಷನರಿ ಹೋದ್ರಲ್ಲಮ್ಮ. ಇನ್ನು ನಮ್ಮ ಚಹಾಕ್ಕೆ ಮಜಾನೇ ಇಲ್ಲ."

ಆಫೀಸಿನಲ್ಲಿ ಅಪ್ಪನಿಗೆ ಇಟ್ಟಿದ್ದ ಹೆಸರಂತೆ ಅದು. ದಿನಾ ಚಹಾದ ಹೊತ್ತಿಗೆ ಅವನನ್ನು ಸ್ಟೂಲಿನ ಮೇಲೆ ಹತ್ತಿಸುತ್ತಿದ್ದರಂತೆ. ಆವತ್ತಿನ ಕಷ್ಟದ ಇಂಗ್ಲಿಷ್ ಪದ ಹೇಳಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರಂತೆ. ಹೊರಗಿನಿಂದ ಯಾರಾದರೂ ಬಂದರೆ ಅವರಿಗೂ ಈ ಆಟ ತೋರಿಸುತ್ತಿದ್ದರಂತೆ.

"ಬಡ್ತಿ ಕೇಳಿದಾಗಲೆಲ್ಲ ಸಾಹೇಬ್ರು, ಇನ್ನೊಂದಷ್ಟು ಪದ ಕಲೀರಿ, ನೋಡೋಣ ಅಂತಿದ್ರು. ಪಾಪ, ನಂಬಿಬಿಡೋರು."

*

ಚಿಕ್ಕವಳಿದ್ದಾಗ, ದಿನಾ ಅಪ್ಪನಿಗೆ ಇಂಗ್ಲಿಷ್ ಪದ ಒಪ್ಪಿಸದೆ ಅವಳ ತಟ್ಟೆಗೆ ಊಟ ಬೀಳುತ್ತಿರಲಿಲ್ಲ. ಒಂದು ದಿನ ನಾಲಿಗೆ ಹೊರಳದೆ, ಹಸಿವಿಗೆ ಬಿಕ್ಕಿಬಿಕ್ಕಿ ಅತ್ತಿದ್ದಳು. ಅಮ್ಮ ಗೋಗರೆದರೂ ಅಪ್ಪ ಜಪ್ಪಯ್ಯ ಅನ್ನಲಿಲ್ಲ.

"ಇನ್ನೊಂದಷ್ಟು ಕಲಿತ್ರೆ ನನಗೆ ಬಡ್ತಿ ಸಿಗುತ್ತೆ ಕಣೇ. ನೀನು ಈಗ್ಲೇ ಕಲಿತುಬಿಡು. ನನ್ನ ಹಾಗೆ ಕಾಯ್ತಾ ಕೂರಬೇಡ."

ಅವಳು ಅವನನ್ನು ದ್ವೇಷಿಸಲು ಶುರುಮಾಡಿದ್ದು ಆವತ್ತೇ.

*

ಹೆಣ ಎತ್ತಲು ಎಲ್ಲರೂ ಹಜಾರಕ್ಕೆ ಬಂದರು. ಈ ಸಾಹೇಬನ ನೀರಿಳಿಸದೆ ಬಿಡಬಾರದು ಅಂದುಕೊಂಡಳು ಮಗಳು. ಅಷ್ಟರಲ್ಲಿ ಸಾಹೇಬರೇ ಅವಳ ಕಡೆ ತಿರುಗಿದರು.

"ನೀನೂ ಒಂದು ಪದ ಹೇಳಮ್ಮ. ಅವರ ನೆನಪಿಗೆ."

ಹಿಂದೆ ನಿಂತಿದ್ದ ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಎಷ್ಟು ಬಡ್ತಿ ಕೊಟ್ರಿ ಸ್ವಾಮಿ, ಎಂಬ ಮಾತು ಅವಳ ತುಟಿಗೇ ಬಂದಿತ್ತು.

"ಹೇಳೇ," ಅಂದಳು ಅಮ್ಮ. ಅತ್ತು ಊದಿದ್ದ ಮುಖ ಅರಳಿತ್ತು. "ನಿಮ್ಮಪ್ಪನ ಮೇಲೆ ಇವರಿಗೆ ಎಷ್ಟು ಮರ್ಯಾದೆ ನೋಡು."

ಈಗ ಬಾಯಿಬಿಟ್ಟರೆ ಅಮ್ಮನಿಗೆ ಎಲ್ಲ ಗೊತ್ತಾಗುತ್ತದೆ. ಗಂಡನ ಜೊತೆಗೇ ಅವಳ ಹೆಮ್ಮೆಯೂ ಮಣ್ಣಾಗುತ್ತದೆ. ಮಗಳು ಬಂದ ಮಾತನ್ನು ನುಂಗಿಕೊಂಡಳು.

"ಮ್ಯಾಗ್ನಾನಿಮಿಟಿ," ಅಂದಳು. "ಅಂದ್ರೆ, ದೊಡ್ಡ ಮನಸ್ಸು."

ಎಷ್ಟೋ ವರ್ಷದ ರೂಢಿ. ಆಫೀಸಿನವರ ಕೈಗಳು ತಾವಾಗಿಯೇ ಚಪ್ಪಾಳೆ ತಟ್ಟಿದವು.

"ಇನ್ನೊಂದು ಹೇಳು," ಎಂದು ಅಮ್ಮ ಬಗ್ಗಿ, ಅಪ್ಪನಿಗೂ ಕೇಳಲಿ ಎಂದು ಅವನ ಕಿವಿಯ ಮೇಲಿನ ಬಟ್ಟೆ ಸರಿಸಿದಳು.