ಒಂದೇ ಗುಟುಕಿಗೆ ಎರಡು ಗುಳಿಗೆ

ಬಸುರಿ ಹೆಂಗಸು ದಿನಾ ಗುಳಿಗೆ ನುಂಗುತ್ತಾಳೆ, ಹಾಲು ಕುಡಿಯುತ್ತಾಳೆ, ಆದರೂ ಮೈಯಲ್ಲಿ ರಕ್ತ ಏರುವುದಿಲ್ಲ. ಇಂಥ ಮನೆ ನಿಮ್ಮ ಓಣಿಯಲ್ಲೂ ಇರಬಹುದು. ಎರಡು ಸಾವಿರದ ಎರಡನೇ ಇಸವಿಯಲ್ಲಿ, ಹೂವಿನಹಡಗಲಿ ಹತ್ತಿರದ ಒಂದು ಹಳ್ಳಿಯ ಅಂಜಿನಕ್ಕನ ಮನೆಯಲ್ಲಿ ಹೀಗೇ ಆಯಿತು.

ಅಂಜಿನಕ್ಕನ ಸೊಸೆ ದುರ್ಗಾದೇವಿಗೆ ಆಗ ಆರು ತಿಂಗಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮುಖವೆಲ್ಲ ಬಿಳಿಚಿಕೊಂಡಿತ್ತು. ಅಂಜಿನಕ್ಕನಿಗೆ ಜೀವ ಕೈಯಲ್ಲಿ ಹಿಡಿದಂತಾಗಿತ್ತು. ಹಿಂದೆ ಅವಳ ಮಗಳು ಎರ್ರೆಮ್ಮ ಹೆರಿಗೆಯಾದ ದಿನವೇ ರಕ್ತ ಹೋಗಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಹಾಗಾಗಿ ಸೊಸೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ಓಣಿಯವರು ಹೇಳುತ್ತಿದ್ದರು. ಅದು ಸುಳ್ಳಲ್ಲ.

ಒಂದು ದಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಶೈಲಾ ಮನೆಗೆ ಬಂದು, ದುರ್ಗಾದೇವಿಯ ಬೆರಳು ಚುಚ್ಚಿ ರಕ್ತ ನೋಡಿದರು. ಅವರ ಮುಖ ಸಪ್ಪಗಾಯಿತು.

“ಅಂಜಿನಕ್ಕ, ರಕ್ತ ಒಂಚೂರೂ ಏರಿಲ್ಲ ನೋಡ್ರಿ. ನಾ ಕೊಟ್ಟ ಕೆಂಪು ಗುಳಿಗಿ ನುಂಗ್ತಾಳೋ ಇಲ್ಲೋ?”

“ನನ್ನ ಕೈಯಾರ ಕೊಡ್ತೀನ್ರಿ! ನಿಮ್ಮ ಸರಕಾರಿ ಗುಳಿಗ್ಯಾಗನ ಕಸುವಿಲ್ಲ, ಅಷ್ಟ.”

“ಹೆಂಗ ಕೊಡ್ತೀರಿ? ಒಂದ್ಸಲ ತೋರಸ್ರಿ.”

ಅಂಜಿನಕ್ಕ ಹುರುಪಿನಿಂದಲೇ ತೋರಿಸಿದಳು. ಅಂಗೈಯಲ್ಲಿ ಒಂದು ಕೆಂಪು ಗುಳಿಗೆ, ಒಂದು ಬಿಳಿ ಗುಳಿಗೆ, ಪಕ್ಕದಲ್ಲಿ ದೊಡ್ಡ ಲೋಟದ ತುಂಬ ಹಾಲು.

“ಗುಳಿಗಿ ಅಂದ್ರ ಉಷ್ಣ, ಹಾಲಿನ ಜೊತಿ ಕೊಟ್ರ ತಂಪು. ಬಿಸಿಲೇರೋದ್ರಾಗ ತೋಟದ ಮಲ್ಲಿಗಿ ಮೊಗ್ಗು ಬಿಡಿಸಿ ಪ್ಯಾಟಿ ಬಸ್ಸಿಗೆ ಹಾಕಬೇಕು. ಆಮ್ಯಾಲ ಯಾರಿಗೆ ನೆನಪಿರ್ತೈತಿ? ಅದಕ್ಕ ತೋಟಕ್ಕ ಹೋಗೋ ಮುಂಚೆ ಎಲ್ಲಾ ಒಂದ ಸಲ.”

“ಈ ಬಿಳೀದು ಎಲ್ಲೀದು?”

“ಹಡಗಲಿ ಡಾಕ್ಟ್ರು ಎಲುಬಿಗೆ ಅಂತ ಬರದಾರ.”

“ಕೆಂಪು ಗುಳಿಗಿ ನಡದೈತಿ ಅಂತ ಅವರಿಗೆ ಹೇಳಿದ್ರೇನು?”

“ಅವರು ಕೇಳಲಿಲ್ಲ. ನಾವು ಹೇಳಲಿಲ್ಲ.”

ಶೈಲಾ ಅಲ್ಲೇ ನೆಲದ ಮೇಲೆ ಕೂತರು.

“ಎರಡೂ ಒಳ್ಳೇ ಗುಳಿಗೀನ, ಆದ್ರ ಕೂಡಿ ನುಂಗಬಾರದು. ಕೆಂಪುದು ಕಬ್ಬಿಣದ್ದು, ರಕ್ತಕ್ಕ. ಬಿಳೀದು ಸುಣ್ಣದ ಅಂಶದ್ದು. ಹಾಲಿನ್ಯಾಗೂ ಅದ ಸುಣ್ಣ ಐತಿ. ಕೂಡಿ ಹೊಟ್ಟಿಗೆ ಹೋದ್ರ ಕಬ್ಬಿಣ ಸರಿಯಾಗಿ ಮೈಗೆ ಹತ್ತಂಗಿಲ್ಲ. ಚಾ ಕುಡಿದ್ರೂ ಹಂಗ.”

“ಹಾಲು ಕುಡಿದ್ರ ಕೆಡಕು ಅಂತೀರೇನು?” ಅಂಜಿನಕ್ಕನ ದನಿ ಏರಿತು. “ನಮ್ಮವ್ವ ನನಗ ಹಿಂಗ ಕುಡಿಸ್ಯಾಳ!”

“ಹಾಲು ಬಿಡಸ್ರಿ ಅಂದಿಲ್ಲ, ಹೊತ್ತು ಬ್ಯಾರೆ ಮಾಡ್ರಿ ಅಂದೆ. ಬೆಳಿಗ್ಗೆ ತಿಂಡಿ ತಿಂದು ಬಿಳೀದು, ಹಾಲು. ಕೆಂಪುದು ರಾತ್ರಿ, ಊಟ ಆಗಿ ಎರಡು ತಾಸು ಬಿಟ್ಟು, ಬರೇ ನೀರಾಗ. ನಿಂಬಿಹಣ್ಣಿನ ನೀರಾದ್ರ ಇನ್ನೂ ಚಲೋ.”

ಅಂಜಿನಕ್ಕ ಅಂಗೈಯಲ್ಲಿದ್ದ ಗುಳಿಗೆಗಳನ್ನು ನೋಡಿದಳು. ಆಮೇಲೆ ಕಣ್ಣು ತುಂಬಿ ಬಂದವು.

“ನಮ್ಮ ಎರ್ರೆಮ್ಮಗೂ ಹಿಂಗ ಹಾಲಿನ ಜೊತಿ ಕೊಟ್ಟಿದ್ದೆನಲ್ರೀ ಸಿಸ್ಟರ್...”

ಶೈಲಾ ಅವಳ ಕೈ ಹಿಡಿದುಕೊಂಡರು. “ಅಕಿ ಹೋಗಿದ್ದು ಇದರಿಂದ ಅಂತ ಯಾರೂ ಹೇಳಾಕ ಆಗಂಗಿಲ್ರಿ. ರಕ್ತ ಹೋಗಾಕ ಬಾಳ ಕಾರಣ ಇರ್ತಾವ. ಆದ್ರ ಮೈಯಾಗ ರಕ್ತ ಇದ್ರ ತಡಕೊಳ್ಳೋ ಶಕ್ತಿ ಇರ್ತೈತಿ. ಈಗ ಈ ಹುಡುಗೀನ ಉಳಿಸ್ಕೊಳ್ಳೋಣು.”

ಮರುದಿನವೇ ಅಂಜಿನಕ್ಕ ಎರಡೂ ಗುಳಿಗೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ಹಡಗಲಿ ಡಾಕ್ಟರ ಮುಂದೆ ಇಟ್ಟಳು. ಅವರೂ ಶೈಲಾ ಹೇಳಿದ್ದನ್ನೇ ಹೇಳಿದರು. ಅಂದಿನಿಂದ ಅಂಜಿನಕ್ಕ ಗುಳಿಗೆಗಳನ್ನು ಬೇರೆ ಬೇರೆ ಹೊತ್ತಿಗೆ ಕೊಟ್ಟಳು. ಹೆರಿಗೆಯ ಹೊತ್ತಿಗೆ ಸೊಸೆಯ ಮುಖಕ್ಕೆ ಕಳೆ ಬಂದಿತ್ತು.

ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ದುರ್ಗಾದೇವಿಗೂ ರಕ್ತ ಹೆಚ್ಚೇ ಹೋಯಿತು. ಅಂಜಿನಕ್ಕ ಬಾಗಿಲ ಹೊರಗೇ ಕಾದು ನಿಂತಿದ್ದಳು. ಆಗ ಡಾಕ್ಟರಮ್ಮ ಬಂದು ಹೇಳಿದರು: “ರಕ್ತ ನಿಂತೈತಿ, ತಡಕೊಂಡಾಳ. ಮೊದಲಿನಂಗ ಮೈಯಾಗ ರಕ್ತ ಕಡಿಮಿ ಇದ್ದಿದ್ರ ಬಾಳ ಕಷ್ಟ ಇತ್ತು. ಹೋಗ್ರಿ, ಮೊಮ್ಮಗಳನ್ನ ನೋಡ್ರಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಿಪಿಗೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ಮಂಡಿ ನೋವಿಗೆ ಅಂಗಡಿಯಿಂದ ತಂದದ್ದೊಂದು ಗುಳಿಗೆ ಇರಬಹುದು. ಡಾಕ್ಟರ ಹತ್ತಿರ ಹೋಗುವಾಗ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ. ಯಾವುದರ ಜೊತೆ ಯಾವುದು ಆಗದು, ಯಾವ ಊಟದ ಜೊತೆ ಕೂಡದು ಎಂದು ನಾಚದೆ ಕೇಳಿ. ನಿಮ್ಮಷ್ಟಕ್ಕೆ ನೀವೇ ಗುಳಿಗೆ ಬಿಡಲೂಬೇಡಿ. ಅಂಜಿನಕ್ಕನ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಕೇಳದೇ ಉಳಿದದ್ದು ಒಂದೇ ಒಂದು ಮಾತು: ಇವನ್ನು ಕೂಡಿ ನುಂಗಬಹುದೇ? ನೀವು ಅದನ್ನು ಇವತ್ತೇ ಕೇಳಿ.