ಹರಳಿನ ಕೋಣೆ

ಆ ಕೋಣೆಯ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಫ್ಯಾನ್ ಇತ್ತು, ಹಾಕುವಂತಿರಲಿಲ್ಲ.

"ಗಾಳಿ ತಾಗಿದ್ರೆ ಹರಳು ಲೆಕ್ಕ ತಪ್ಪುತ್ತಮ್ಮಾ. ಎಳೇ ಮಗು ಇದ್ದ ಹಾಗೆ ಅದು," ಎನ್ನುತ್ತಿದ್ದ ಯಜಮಾನ.

"ಅತ್ತಿಗೆ, ನಮ್ಮನ್ನೂ ಯಾರೋ ಹೆತ್ತಿದ್ದಾರೆ ಅಂತ ಹೇಳಿ," ಎಂದು ಗುಬ್ಬಿ ಮೇಜಿನ ಕೆಳಗೆ ಅತ್ತಿಗೆಯ ಕಾಲು ತುಳಿಯುತ್ತಿದ್ದಳು.

ಗುಬ್ಬಿ ಅತ್ತಿಗೆಯ ಗಂಡನ ತಂಗಿ. ಗಂಡ ಸತ್ತ ಮೇಲೂ ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿ ಉಳಿದಿದ್ದರು, ಒಂದೇ ಬೆಂಚಿನಲ್ಲಿ ದುಡಿಯುತ್ತಿದ್ದರು. ಗುಬ್ಬಿ 'ಅತ್ತಿಗೆ' ಎಂದು ಕರೆದೂ ಕರೆದೂ ಇಡೀ ಕೋಣೆಗೆ ಆಕೆ ಅತ್ತಿಗೆಯಾಗಿದ್ದಳು.

ಮೊಬೈಲ್ ಟವರುಗಳಿಂದ ಕಿತ್ತ ಹಳೆಯ ಆಸಿಲೇಟರುಗಳು ಅಲ್ಲಿಗೆ ಬರುತ್ತಿದ್ದವು. ಟವರಿನ ಯಂತ್ರಗಳಿಗೆ ತಾಳ ಹಾಕಿಕೊಡುವ, ಬೆಂಕಿಪೊಟ್ಟಣದ ಗಾತ್ರದ ತಗಡಿನ ಡಬ್ಬಿಗಳು. ಅತ್ತಿಗೆ ಬೆಸುಗೆ ಕರಗಿಸಿ ಮುಚ್ಚಳ ಎಬ್ಬಿಸುತ್ತಿದ್ದಳು. ಹಳದಿ ಸ್ಪಂಜನ್ನು ಚಿಮುಟದಿಂದ ಕಿತ್ತರೆ ಒಳಗೊಂದು ಪುಟ್ಟ ಡಬ್ಬಿ. ಆ ತಾಳ ಮಿಡಿಯುವ ಹರಳನ್ನು ಸದಾ ಒಂದೇ ಬಿಸಿಯಲ್ಲಿಡುವ ಒಲೆ ಅದು. ಸುಟ್ಟ ಬಿಡಿಭಾಗ ತೆಗೆದು, ಹೊಸದು ಕೂರಿಸಿ, ಗುಬ್ಬಿಯತ್ತ ತಳ್ಳುತ್ತಿದ್ದಳು. ಬೆಸುಗೆಯ ಜಿಡ್ಡು ಉಳಿದರೆ ಹರಳಿನ ಮಿಡಿತ ಏರುಪೇರಾಗುತ್ತದೆ. ಗುಬ್ಬಿ ತಟ್ಟೆಯಲ್ಲಿ ಬ್ರಷ್ ಅದ್ದಿ ಅದನ್ನು ತೊಳೆಯುತ್ತಿದ್ದಳು. ತಟ್ಟೆಯಲ್ಲಿದ್ದುದನ್ನು ಎಲ್ಲರೂ 'ನೀರು' ಎನ್ನುತ್ತಿದ್ದರು. ನೀರಲ್ಲ. ಸಿಹಿ ವಾಸನೆ. ಅದು ಬರುತ್ತಿದ್ದ ಕ್ಯಾನಿನ ಮೇಲಿನ ಹೆಸರಿನ ಚೀಟಿಯನ್ನು ಒಳಗೆ ತರುವ ಮುಂಚೆಯೇ ಕೆರೆದಿರುತ್ತಿದ್ದರು.

ಹೊಸ ಕ್ಯಾನು ಬಂದಾಗಿನಿಂದ ಗುಬ್ಬಿಗೆ ತಲೆಸುತ್ತು. ಊಟ ಸೇರದು. ಕಣ್ಣು ಹಳದಿಯಾಗತೊಡಗಿತು.

"ಯಜಮಾನ್ರೇ, ಕಿಟಕಿ ಒಂಚೂರು ತೆಗೀಲಾ? ಇವಳಿಗೆ ಉಸಿರು ಕಟ್ತಿದೆ."

"ಈ ಆರ್ಡರ್ ಹೋಗ್ಲಿ ತಾಯಿ. ಆಮೇಲೆ ಗೋಡೆನೇ ಒಡೆಸ್ತೀನಿ."

ಎಲ್ಲರೂ ನಕ್ಕರು. ಗುಬ್ಬಿಯೂ ನಕ್ಕಳು. ಮರುದಿನ ಬ್ರಷ್ ಹಿಡಿದಂತೆಯೇ ಬೆಂಚಿನ ಮೇಲೆ ಕುಸಿದಳು.

"ಲಿವರ್ ಕೈಕೊಡ್ತಿದೆ," ಎಂದರು ಆಸ್ಪತ್ರೆಯ ಡಾಕ್ಟರು. "ಯಾವ ಕೆಮಿಕಲ್ಲು? ಹೆಸರು ಗೊತ್ತಾದ್ರೆ ಏನಾದ್ರೂ ದಾರಿ ನೋಡಬಹುದು."

"ನೀರು ಅಂತೀವಿ ಡಾಕ್ಟ್ರೇ."

"ನೀರಿಗೆ ಲಿವರ್ ಹೋಗಲ್ಲಮ್ಮ."

ಅತ್ತಿಗೆ ಓಡಿದಳು. ಯಜಮಾನನ ಮೇಜಿನೆದುರು ನಿಂತು ಕೈಮುಗಿದಳು.

"ಅದರ ಹೆಸರೊಂದು ಹೇಳಿ. ಬೇರೇನೂ ಬೇಡ."

"ಮಾಮೂಲಿ ಕ್ಲೀನಿಂಗ್ ಲಿಕ್ವಿಡ್ಡು."

"ಅದಕ್ಕೂ ಒಂದು ಹೆಸರಿರುತ್ತಲ್ಲ?"

"ನಿನ್ನ ನಾದಿನಿ ಮನೇಲಿ ಏನು ತಿಂದಳೋ! ನನ್ನ ತಲೆಗೆ ಕಟ್ಬೇಡ."

ಹೆಸರು ಹೇಳಿದರೆ, ಮುಚ್ಚಿದ ಕೋಣೆಯಲ್ಲಿ ಅದನ್ನು ಬಳಸಬಾರದೆಂಬುದೂ ಹೊರಬೀಳುತ್ತಿತ್ತು.

ಅತ್ತಿಗೆ ಬೆಂಚಿಗೆ ಹೋಗಿ ಔಷಧಿಯ ಖಾಲಿ ಸೀಸೆಯಲ್ಲಿ ಆ 'ನೀರನ್ನು' ಒಂದಷ್ಟು ತುಂಬಿಕೊಂಡಳು. ಹರಳು ಕದ್ದಾರೆಂದು ಗೇಟಿನಲ್ಲಿ ಎಲ್ಲರ ಮೈ ತಡಕುತ್ತಿದ್ದರು. ಸೀಸೆ ಸಿಕ್ಕಿತು. ಕಾವಲುಗಾರ ಅದನ್ನು ಚರಂಡಿಗೆ ಸುರಿದ.

"ಕಳ್ಳಿ! ಇನ್ಮೇಲೆ ಈ ಕಡೆ ಕಾಲಿಡ್ಬೇಡ," ಎಂದ ಯಜಮಾನ.

ಬೆಂಚಿನ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು.

ಸಂಜೆ, ಡಬ್ಬಿ ಒರೆಸುವ ಅಜ್ಜಿ ಬಟ್ಟೆಯ ಚೂರನ್ನು ತಟ್ಟೆಯಲ್ಲಿ ಅದ್ದಿ ತುರುಬಿನೊಳಗೆ ಸಿಕ್ಕಿಸಿಕೊಂಡಳು. ತಲೆ ಮುಟ್ಟಿ ನೋಡಲು ಯಾರಿಗೂ ಹೊಳೆಯಲಿಲ್ಲ. ಏದುಸಿರು ಬಿಡುತ್ತ ಆಸ್ಪತ್ರೆ ಸೇರಿ ತುರುಬು ಬಿಚ್ಚಿದಳು. ಬಟ್ಟೆ ಒಣಗಿತ್ತು. ಡಾಕ್ಟರು ಮೂಸಿ ನೋಡಿದರು.

"ಬರೀ ವಾಸನೆ ಹಿಡಿದು ಹೇಳಕ್ಕಾಗಲ್ಲ ಅಜ್ಜಿ."

ಬಟ್ಟೆ ತಾಗಿದ್ದ ಅಜ್ಜಿಯ ನೆತ್ತಿ ಉರಿಯುತ್ತಿತ್ತು. ಗುಬ್ಬಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ.

ಬೆಳಗ್ಗೆ ಹೆಂಗಸರು ಒಳಗೆ ಹೋಗಲಿಲ್ಲ. ಗೇಟಿನೆದುರು ನಿಂತರು. "ಅದರ ಹೆಸರು ಹೇಳಿ," ಎಂದಳು ಅಜ್ಜಿ. ಉಳಿದವರೂ ಅದನ್ನೇ ಅಂದರು. ಒಂದು ವ್ಯಾನು ಬಂತು. ಅದರಿಂದ ಇಳಿದ ಬೇರೆ ಹೆಂಗಸರು ತಲೆ ತಗ್ಗಿಸಿ ಒಳಗೆ ಹೋದರು. ಅವರಿಗೂ ಹೊಟ್ಟೆಯಿದೆ. ಏನೆನ್ನುವುದು?

ಅಷ್ಟರಲ್ಲಿ ಅತ್ತಿಗೆ ಆಸ್ಪತ್ರೆಯ ಕಡೆಯಿಂದ ಬಂದಳು. ಒಬ್ಬಳೇ. ಕೈಯಲ್ಲಿ ಗುಬ್ಬಿಯ ಚಪ್ಪಲಿ. ಅಜ್ಜಿ ಅವಳ ತೋಳು ಹಿಡಿದಳು.

"ನಡಿ ಮಗಳೇ, ಮನೆಗೆ ಹೋಗೋಣ. ಇನ್ನು ಹೆಸರು ಗೊತ್ತಾಗಿ ಏನಾಗ್ಬೇಕು?"

ಅತ್ತಿಗೆ ಕದಲಲಿಲ್ಲ.

"ಈಗ ಒಳಗೆ ಹೋದ್ರಲ್ಲ," ಎಂದಳು, "ಅವರಿಗೆ ಬೇಕು."