ಹದಿನಾಲ್ಕನೆಯ ತಪಾಸಣೆ

ಸುಮಿತ್ರವ್ವ ವರದಿಯ ಹಾಳೆಯನ್ನು ಮೇಜಿನ ಮೇಲೆ ಹರವಿ, ಹದಿನಾಲ್ಕನೆಯ ಸಾಲಿನ ಕೆಂಪು ಗುರುತಿನ ಮೇಲೆ ಬೆರಳಿಟ್ಟಳು.

"ಹೊಸಾ ಲಿಂಕ್ ಹಾಕಿದಾಗೊಮ್ಮೆ ಇದು ಕೆಂಪಗ ಆಗತೈತಿ. ಯಾವ ಕಳ್ಳಗ ಅಂಜಿ ಇದನ್ನ ಬರೀತೀಯವಾ ತಂಗಿ? ಒಮ್ಮೆ ತೋರಸು, ನೋಡೋಣು."

ಬೆಟಗೇರಿಯ ನೇಕಾರ ಹೆಣ್ಣುಮಕ್ಕಳ ಸಂಘಕ್ಕೆ ಸೀರೆ ಮಾರುವ ವೆಬ್‌ಸೈಟೊಂದಿತ್ತು. ಸುಮಿತ್ರವ್ವ ಅದರ ಯಜಮಾನಿ; ಶಾಹಿಸ್ತಾ ಪ್ರತಿ ತಿಂಗಳು ಅದರ ಭದ್ರತೆಯ ತಪಾಸಣೆ ಮಾಡುವವಳು. ಅವಳು ಬಿಡಿಸಿ ಹೇಳಿದಳು. ಸೀರೆಯ ಪುಟದಿಂದ ಕೊರಿಯರಿನ ಲಿಂಕ್ ಒತ್ತಿದರೆ ಅದು ಬೇರೆ ಟ್ಯಾಬಿನಲ್ಲಿ ತೆರೆಯುತ್ತದೆ. ಹಾಗೆ ತೆರೆದ ಪುಟ ಮೋಸದ್ದಾಗಿದ್ದರೆ, ಹಿಂದಿರುವ ಸೀರೆಯ ಪುಟವನ್ನೇ ಸದ್ದಿಲ್ಲದೆ ಬದಲಿಸಿ ಪಾಸ್‌ವರ್ಡ್ ಕೇಳಬಲ್ಲದು. ಲಿಂಕಿಗೆ ಒಂದು ಪದ ಸೇರಿಸಿದರೆ ಆ ದಾರಿ ಬಂದ್; ಆ ಪದ ಇಲ್ಲದಿದ್ದರೆ ಹದಿನಾಲ್ಕನೆಯ ಸಾಲು ಕೆಂಪು.

ಹೇಳಿದ್ದೇನೋ ಸರಿಯೇ. ಆದರೆ ಮೂರು ವರ್ಷ ಈ ಕಳ್ಳನ ಹೆಸರು ಬರೆಯುತ್ತ ಬಂದಿದ್ದ ಶಾಹಿಸ್ತಾ ಒಂದು ಸಲವೂ ಅವನ ಮುಖ ಕಂಡಿರಲಿಲ್ಲ.

ಅಲ್ಲೇ ಕುಳಿತು ಎರಡು ಪುಟ ಮಾಡಿದಳು, ಒಂದು ಸೀರೆಯದು, ಇನ್ನೊಂದು ಮೋಸದ್ದು. ಆ ಒಂದು ಪದವನ್ನು ಬೇಕೆಂದೇ ಬಿಟ್ಟು ಲಿಂಕ್ ಒತ್ತಿದಳು. ಹಿಂದಿರುಗಿ ನೋಡಿದರೆ ಸೀರೆಯ ಪುಟ ಇದ್ದಂತೆಯೇ ಇತ್ತು. ತಾನೇ ತಪ್ಪಿದೆನೇನೋ ಎಂದು ಮತ್ತೆ ಮಾಡಿದಳು. ಊಹೂಂ. ಹುಡುಕಿ ಓದಿದಾಗ ತಿಳಿಯಿತು: ಕೆಲವು ವರ್ಷಗಳಿಂದ ಬ್ರೌಸರುಗಳು ಯಾರೂ ಹೇಳದೆ ತಾವಾಗಿಯೇ ಆ ದಾರಿ ಮುಚ್ಚುತ್ತಿವೆ.

"ಹಂಗಾರ ಕಳ್ಳ ಸತ್ತಾನೇನು?"

"ಹಳೇ ಫೋನಿನ್ಯಾಗ ಇನ್ನೂ ಇರಬೇಕ್ರಿ ಅಕ್ಕಾರ."

ಇಬ್ಬರೂ ಎದ್ದು ಪಕ್ಕದ ಓಣಿಯ ಬುಡ್ಡೇಸಾಬನ ಮೊಬೈಲ್ ರಿಪೇರಿ ಅಂಗಡಿಗೆ ಹೋದರು. ಅವನು ಡಬ್ಬಿ ತಡಕಾಡಿ, ಗಾಜು ಬಿರುಕುಬಿಟ್ಟ ಫೋನೊಂದನ್ನು ತೆಗೆದ. ಎಂಟು ವರ್ಷದಿಂದ ಅದು ಅಪ್‌ಡೇಟ್ ಕಂಡಿರಲಿಲ್ಲ. ಅರ್ಧ ತಾಸಿಗೆ ಅದು ಚಾರ್ಜ್ ಹಿಡಿಯಿತು. ಶಾಹಿಸ್ತಾ ತನ್ನ ಪುಟ ತೆರೆದು, ಲಿಂಕ್ ಒತ್ತಿ, ಹಿಂದಿನ ಟ್ಯಾಬಿಗೆ ಬಂದಳು. ಸೀರೆ ಮಾಯವಾಗಿತ್ತು. ಪುಟಕ್ಕೆ ಮಾತ್ರ ಅದೇ ಬಣ್ಣ, ಅದೇ ಅಂಚು. ನಡುವೆ ಪಾಸ್‌ವರ್ಡ್ ಕೇಳುವ ಚೌಕ.

"ಅಯ್ ಶಿವನ! ಬಂದ ನೋಡು!" ಎಂದು ಸುಮಿತ್ರವ್ವ ಚಪ್ಪಾಳೆ ತಟ್ಟಿದಳು. ಮೂವರೂ ಅದನ್ನು ನಾಲ್ಕು ಸಲ ನೋಡಿದರು.

ಅಷ್ಟು ಹಳೆಯ ಬ್ರೌಸರಿನಿಂದ ಯಾರಾದರೂ ಸೀರೆ ನೋಡಲು ಬರುತ್ತಾರೆಯೇ? ಶಾಹಿಸ್ತಾ ಸೈಟಿನ ಒಂದು ವರ್ಷದ ದಾಖಲೆ ತೆಗೆದಳು. ಒಬ್ಬರೂ ಇರಲಿಲ್ಲ. ತಪಾಸಣೆಯ ಪಟ್ಟಿ ಬರೆದಿದ್ದ ಗದಗಿನ ಹಿರಿಯ ಸಹೋದ್ಯೋಗಿ ಶಿವರಂಜನಿಗೆ ಅಲ್ಲಿಂದಲೇ ಫೋನ್ ಮಾಡಿ, ಹಳೆಯ ಫೋನಿನಲ್ಲಿ ಕಳ್ಳನನ್ನು ಕಂಡದ್ದನ್ನೆಲ್ಲ ಹೇಳಿದಳು.

"ಮೇಡಂ, ಹದಿನಾಲ್ಕನೇದು ತಗದುಬಿಡೋಣೇನ್ರಿ?"

"ನಾನ ಬರದದ್ದು ಅದು. ಆವಾಗ ಖರೇನ ಬೇಕಾಗಿತ್ತು. ಇದ್ರ ಏನ್ ತ್ರಾಸು?"

"ಇದೊಂದನ್ನ ನೋಡಿ ನೋಡಿ ಸುಮಿತ್ರಕ್ಕಾರು ಹನ್ನೊಂದನೇ ಸಾಲಿನ ಕೆಂಪು ಗುರುತು ನೋಡೇ ಇಲ್ರಿ. ಖರೆ ತೂತು ಅಲ್ಲೈತಿ."

"ಹಂಗಾರ ತಗಿ. ಯಾಕ ತಗದಿ ಅಂತ ತಾರೀಖು ಹಾಕಿ ಬರದಿಡು. ಆ ಫೋನ್ ಒಗೀಬ್ಯಾಡ್ರಿ ಮತ್ತ, ನಾಳೆ ಬರ್ತೀನಿ. ನಾನೂ ಆ ಕಳ್ಳನ್ನ ಕಣ್ಣಿಲೆ ನೋಡಿಲ್ಲ."

ಸುಮಿತ್ರವ್ವ ಆಗಲೇ ಹಾಳೆಯನ್ನು ಕಣ್ಣ ಹತ್ತಿರ ಹಿಡಿದಿದ್ದಳು. "ಈ ಹನ್ನೊಂದನೇ ಕಳ್ಳನ್ನ ನೋಡಾಕ ಎಷ್ಟು ಹಳೇ ಫೋನ್ ಬೇಕು?"

"ಹಳೇದು ಬ್ಯಾಡ್ರಿ," ಎಂದು ಶಾಹಿಸ್ತಾ ಕೈ ಚಾಚಿದಳು. "ನಿಮ್ಮದ ಕೊಡ್ರಿ."